ಸತ್ತವರ ಕಲ್ಲು, ಇದ್ದವರ ಮಾತು

ಮೈಸೂರಿನಲ್ಲಿ ಸತ್ತವರ ಬಹುದೊಡ್ಡ ನೆನಪು ಇರುವುದು ಕಲ್ಲಿನಲ್ಲಲ್ಲ, ಕಾಗದದಲ್ಲಿ. ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನಶಾಸ್ತ್ರ ವಿಭಾಗ 1966ರಲ್ಲಿ ಊಟಿಯಿಂದ ಈ ಊರಿಗೆ ಬಂತು. ಒದ್ದೆ ಕಾಗದವನ್ನು ಶಾಸನದ ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿದರೆ ಕೊರೆದ ಅಕ್ಷರ ಬಿಳಿಯಾಗಿ, ಉಳಿದದ್ದೆಲ್ಲ ಕಪ್ಪಾಗಿ ಮೂಡುತ್ತದೆ. ಹೀಗೆ ತೆಗೆದ ಸಾವಿರಾರು ಅಚ್ಚುಗಳು ಅಲ್ಲಿವೆ. ಅದಕ್ಕೂ ಬಹಳ ಮೊದಲೇ ಬಿ.ಎಲ್. ರೈಸ್ ಅವರು ಮೈಸೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡು ಸಂಪುಟಗಳಲ್ಲಿ (1894, 1898) ಪ್ರಕಟಿಸಿದ್ದರು. ಅವುಗಳ ಪುಟ ತಿರುವಿದರೆ ದಾನದತ್ತಿಗಳ ನಡುನಡುವೆ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಳು ಎದುರಾಗುತ್ತವೆ.

ಹತ್ತಿರದ ಶ್ರೀರಂಗಪಟ್ಟಣದ ಬ್ರಿಟಿಷ್ ಗ್ಯಾರಿಸನ್ ಸ್ಮಶಾನದಲ್ಲಿ ಗೋರಿಯ ಕಲ್ಲು ಹೆಸರು, ಹುದ್ದೆ, ವಯಸ್ಸು, ತೀರಿಕೊಂಡ ದಿನ ಹೇಳುತ್ತದೆ. ವೀರಗಲ್ಲಿಗೆ ವಯಸ್ಸು ಬೇಡ, ಹುಟ್ಟಿದ ದಿನವೂ ಬೇಡ. ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತನೋ, ಒಡೆಯನ ಕಾಳಗದಲ್ಲಿ ಮಡಿದನೋ, ಅದನ್ನು ಹೇಳಿದರೆ ಸಾಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಬದುಕಿದ್ದಾಗ ಅವನು ಹೇಗಿದ್ದ ಎಂಬುದು ಕಲ್ಲಿನ ಚಿಂತೆಯಲ್ಲ.

ಹಾಗೆಂದು ಎಲ್ಲ ಕಲ್ಲುಗಳೂ ಮಿತಭಾಷಿಗಳಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ 1057ರದು, ಚೋಳರ ಆಳ್ವಿಕೆಯ ಕಾಲದ್ದು. ಕಾವ್ಯದಂತಿರುವ ಈ ಬರಹದ ನಾಯಕಿ ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ಅರಸನ ಬಂಧುವೊಬ್ಬನನ್ನು ಕೊಂದ. ಅದಕ್ಕಾಗಿ ತಲಕಾಡಿನಲ್ಲಿ ಅವನನ್ನು ಕೊಲ್ಲಿಸಲಾಯಿತು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿ ಹೊಗಲು ಹೊರಟಳು. ಹೆತ್ತವರು ಬೇಡವೆಂದು ಅಂಗಲಾಚಿದರು. ಅವಳು ಕೇಳಲಿಲ್ಲ, ಭೂಮಿ, ಹೊನ್ನು ದಾನ ಮಾಡಿ ಕೊಂಡ ಹೊಕ್ಕಳು. ಅವಳ ದೃಢತೆ ಎದ್ದು ಕಾಣಲೆಂದೇ ಕವಿ ಹೆತ್ತವರ ಗೋಳನ್ನು ತಂದಿರಬೇಕು. ಇಂದು ಓದುವವರ ಕಣ್ಣು ಮಾತ್ರ ಆ ಗೋಳಿನಲ್ಲೇ ನಿಲ್ಲುತ್ತದೆ. ಹೊಗಳಿಕೆ ಹಳತಾಗಿದೆ, ‘ಹೋಗಬೇಡ ಮಗಳೇ’ ಎಂಬ ಸಂಕಟ ಹಳತಾಗಿಲ್ಲ. ದೇಕಬ್ಬೆ ತನ್ನನ್ನು ಹೇಗೆ ನೆನೆಯಬೇಕೆಂದು ಬಯಸಿದ್ದಳೋ ನಮಗೆ ತಿಳಿಯುವ ದಾರಿಯಿಲ್ಲ. ಕಲ್ಲಿನ ಮಾತು ಯಾವಾಗಲೂ ಉಳಿದವರದು.

ಹೆಸರು ಕೊರೆಸಿದ ಮಾತ್ರಕ್ಕೆ ನೆನಪು ಉಳಿಯದೆಂದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವೇ ಇದಕ್ಕೆ ಸಾಕ್ಷಿ. ಕಾಲ 949-50. ತಕ್ಕೋಲದ ಯುದ್ಧದಲ್ಲಿ ಸಾಹಸ ಮೆರೆದ ಮಣಲೇರನಿಗೆ ಗಂಗ ದೊರೆ ಇಮ್ಮಡಿ ಬೂತುಗ ಏನು ಬೇಕೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಡುಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಮಣಲೇರ ಊರಿನ ದೇವಾಲಯದ ಮುಂದೆ ಕಲ್ಲು ನೆಡಿಸಿ, ಪೂಜೆಗೆಂದು ಭೂಮಿ ಬಿಟ್ಟ. ಆ ಭೂಮಿ ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂಬ ಶಾಪವನ್ನೂ ಬರೆಸಿದ. ಪ್ರೀತಿಯ ಜೊತೆಗೆ ಹೊಲವನ್ನೂ ಹೆದರಿಕೆಯನ್ನೂ ಸೇರಿಸಿದ ಲೆಕ್ಕಾಚಾರ ಇದು. ಅರಸರಿಗೆ ಮಂಟಪ ಕಟ್ಟಿದವರು ಎಷ್ಟೋ ಮಂದಿ. ನಾಯಿಗೆ ಅರ್ಚಕನನ್ನು ನೇಮಿಸಿದವನು ಅಪರೂಪ.

ದತ್ತಿಯ ಹೊಲ ಕೈಬದಲಾದಂತೆ ಇಂಥ ಕಲ್ಲುಗಳನ್ನು ಕೇಳುವವರಿಲ್ಲವಾಯಿತು. ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾದವು, ಕಾಲುವೆಗೆ ಹಾಸಾದವು. ಅಂಥವರ ಹೆಸರನ್ನು ಈಗ ಓದಲು ಸಿಗುವುದು ರೈಸ್ ಅವರ ಸಂಪುಟಗಳಲ್ಲಿ, ಮೈಸೂರಿನ ಅಚ್ಚುಗಳಲ್ಲಿ. ಕಾಳಿಯ ಕಲ್ಲು ಆತಕೂರು ಬಿಟ್ಟು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಗೊರವನಿಲ್ಲ, ಪೂಜೆಯಿಲ್ಲ, ಅಕ್ಷರಗಳ ನಡುವೆ ಕೆತ್ತಿದ ನಾಯಿ ಮಾತ್ರ ಇನ್ನೂ ಹಂದಿಯೊಡನೆ ಕಾದುತ್ತಿದೆ.