ಮುಳುಗಡೆ ಮನೆ, ಖಾಲಿ ಗೋಡೆ

ನಮ್ಮತ್ತೆ ಮನೇಲಿ ಕಾಲ ಅಂದ್ರೆ ಎರಡೇ. ಒಂದು ಮುಳುಗಡೆಗೆ ಮುಂಚೆ, ಇನ್ನೊಂದು ಮುಳುಗಡೆ ಆದ್ಮೇಲೆ. ದೊಡ್ಡತ್ತಿಗೆ ಹುಟ್ಟಿದ್ದು ಮುಂಚೆ, ನಮ್ಮನೆಯವ್ರು ಹುಟ್ಟಿದ್ದು ಆದ್ಮೇಲೆ. ಇಸವಿ ಕೇಳಿದ್ರೆ ಯಾರೂ ಹೇಳ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದ್ರಲ್ಲಿ ನಂಗೆ ಇದೆಂತ ಲೆಕ್ಕಾಚಾರ ಅನ್ಸೋದು. ಆಮೇಲೆ ಅತ್ತೆ ಜೊತೆ ಅಡಿಕೆ ಸುಲೀತಾ ಕೂತಾಗ ಒಂದೊಂದೇ ಕೇಳಿ ತಿಳ್ಕೊಂಡೆ. ನಮ್ಮ ಹೆಣ್ಣುಮಕ್ಕಳಿಗೆ, ಬರೋ ಸೊಸೆಯಂದ್ರಿಗೆ ಗೊತ್ತಿರಲಿ ಅಂತ ಇಲ್ಲಿ ಬರೀತಿದೀನಿ.

ಶರಾವತಿಗೆ ಮೊದಲು ಕಟ್ಟಿದ್ದು ಲಿಂಗನಮಕ್ಕಿ ಅಲ್ಲ. ಮಡೆನೂರಲ್ಲಿ ಹಿರೇಭಾಸ್ಕರ ಅಣೆಕಟ್ಟು ಅಂತ ಮೈಸೂರು ಅರಸರ ಸರ್ಕಾರದ ಕಾಲದ್ದಿತ್ತು. ಅದರ ನೀರಿಂದಾನೇ 1948ರಲ್ಲಿ ಜೋಗದಲ್ಲಿ ಕರೆಂಟ್ ಶುರುವಾಗಿದ್ದು. 1964ರಲ್ಲಿ ಲಿಂಗನಮಕ್ಕಿ ಎದ್ದು ನಿಂತ ಮೇಲೆ ಆ ಹಳೇ ಅಣೆಕಟ್ಟೇ ನೀರೊಳಗೆ ಹೋಯ್ತು. ಅಣೆಕಟ್ಟನ್ನೇ ನುಂಗಿದ ನೀರಿಗೆ ನಮ್ಮ ಮಣ್ಣಿನ ಗೋಡೆ ಯಾವ ಲೆಕ್ಕ! ಮಳೆಗಾಲ ಬಂದ್ರೆ ಪೇಪರಲ್ಲಿ 1819 ಅಡಿ, 1819 ಅಡಿ ಅಂತ ಬರೀತಾರಲ್ಲ, ಆ ಗೆರೆ ಕೆಳಗೆ ನಮ್ಮೋರ ಗದ್ದೆ, ತೋಟ, ಕೊಟ್ಟಿಗೆ, ಚೌಡಿ ಬನ ಎಲ್ಲಾ ಇದ್ವು.

ಪರಿಹಾರ ಸಿಕ್ಕಿಲ್ವಾ ಅಂತ ಕೇಳೋರು ಇದಾರೆ. ನಮ್ಮನೇಲಿ ಉಳ್ತಿದ್ದ ಗದ್ದೆ ಗೇಣಿದು. ಕಾಗದ ಒಡೆಯರ ಹೆಸರಲ್ಲಿ, ದುಡ್ಡೂ ಅವ್ರಿಗೇ ಹೋಯ್ತು. ನಮ್ಮ ಮಾವನೋರಿಗೆ ಸಿಕ್ಕಿದ್ದು ಸಾಮಾನು ಸಾಗಿಸೋಕೆ ಲಾರಿ, ಇಳಿಯೋಕೆ ಕಾಡು. ಹತ್ತು ವರ್ಷ ಕಳೆದು 1974ರಲ್ಲಿ ದೇವರಾಜ ಅರಸು ಕಾಲದಲ್ಲಿ ಉಳುವವನೇ ಒಡೆಯ ಕಾನೂನು ಬಂತು. ಬೇರೆ ಊರಿನೋರೆಲ್ಲ ಡಿಕ್ಲರೇಶನ್ ಹಾಕಿ ಗೇಣಿ ಗದ್ದೆಗೆ ಒಡೆಯರಾದ್ರು. ನಮ್ಮೋರು ಎಂತ ಅಂತ ಬರ್ಕೊಡೋದು, ಗದ್ದೆ ಮೇಲೆ ಲಾಂಚ್ ಓಡಾಡ್ತಿತ್ತು. ಗೇಣಿದಾರರಿಗೋಸ್ಕರ ಕಾಗೋಡು ಸತ್ಯಾಗ್ರಹ ಆಗಿದ್ದು ಇದೇ ಸಾಗರ ತಾಲೂಕಲ್ಲಿ, 1951ರಲ್ಲಿ. ಅದರ ಫಲ ಬರೋ ಹೊತ್ತಿಗೆ ನಮ್ಮ ಪಾಲಿನದ್ದು ಮುಳುಗಿ ಹೋಗಿತ್ತು. ಈ ವಿಷಯಕ್ಕೆ ನಂಗೆ ಈಗಲೂ ಸಿಟ್ಟಿದೆ, ಮುಚ್ಚಿಡಲ್ಲ.

ಲಾರಿ ಬಂದಾಗ ಗಂಡಸ್ರು ತೊಲೆ, ಬಾಗಿಲು, ಹೆಂಚು ಇಳ್ಸಿ ಹೇರಿದ್ರಂತೆ. ಹೆಂಗಸ್ರು ಬೀಸೋಕಲ್ಲು, ಬೀಜದ ಗಂಟು, ಮಲ್ಲಿಗೆ ಕಡ್ಡಿ, ಒಂದು ಕೊಡಪಾನ ಬಾವಿ ನೀರು. ನೀರು ಯಾಕತ್ತೆ ಅಂದಿದ್ದಕ್ಕೆ "ಹೊಸ ಜಾಗದಲ್ಲಿ ಮೊದಲ ಅನ್ನಕ್ಕೆ" ಅಂದ್ರು. ತರೋಕಾಗದೆ ಬಿಟ್ಟು ಬಂದಿದ್ದು ಒಂದಿತ್ತು. ಅತ್ತೆ ಮೊದಲ ಮಗು ಗಂಡು, ಎಂಟು ತಿಂಗಳಿಗೆ ಜ್ವರ ಬಂದು ಹೋಗಿತ್ತು. ಅದನ್ನ ತೋಟದ ಅಂಚಲ್ಲಿ ಹಲಸಿನ ಮರದ ಬುಡಕ್ಕೆ ಮಣ್ಣು ಮಾಡಿದ್ರು. ಇದನ್ನ ನಂಗೆ ಹೇಳಿದ್ದು ನಾನು ಬಂದು ಒಂಬತ್ತು ವರ್ಷ ಆದ್ಮೇಲೆ, ಅದೂ ಕತ್ಲಲ್ಲಿ, ಕರೆಂಟ್ ಹೋದಾಗ.

ಮನುಷ್ಯರು ಸತ್ರೆ ಸೂತಕ ಅಂತ ಇದೆ, ತಿಥಿ ಅಂತ ಇದೆ, ಬಂದು ಅತ್ತು ಹೋಗೋಕೆ ನೆಂಟ್ರಿದಾರೆ. ಊರು ಹೋದ್ರೆ ಅದಕ್ಕೆ ಎಂತದೂ ಇಲ್ಲ. ನೆಂಟ್ರು ಬೇರೆ ಎಲ್ಲಾ ಕಡೆ ಚೆದುರಿ ಹೋಗಿದ್ರು, ಒಬ್ರು ಸೊರಬದ ಕಡೆ, ಒಬ್ರು ಹೊಸನಗರ, ಒಬ್ರು ಶಿವಮೊಗ್ಗದ ಆಚೆ. ಯಾರ ಹತ್ರ ಯಾರು ಅಳೋದು?

ನಮ್ಮ ದೀವರ ಮನೆ ಗೋಡೆ ಹೆಂಗಿರತ್ತೆ ಅಂತ ನಿಮಗೆ ಗೊತ್ತೇ ಇದೆ. ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿ, ಸುಟ್ಟ ಅಕ್ಕಿ ಕಪ್ಪು, ಗುರಿಗೆ ಕಾಯಿ ಹಳದಿ, ಪುಂಡಿ ನಾರಿನ ಕುಂಚ. ಅತ್ತೆ ಹಳೇ ಊರಲ್ಲಿ ಚಿತ್ತಾರಕ್ಕೆ ಹೆಸರಾದೋರು. ಮದುವೆಗೆ ಹಸೆ ಬರಿಯೋಕೆ ಅಂತ ಎರಡು ಊರಾಚೆಯಿಂದ ಕರೆಯೋಕೆ ಬರ್ತಿದ್ರಂತೆ. ಹೊಸ ಜಾಗಕ್ಕೆ ಬಂದ್ಮೇಲೆ ಕುಂಚ ಮುಟ್ಟಲಿಲ್ಲ. ಗೋಡೆ ಸಾರಿಸೋರು, ಅಷ್ಟೇ. ಭೂಮಿ ಹುಣ್ಣಿಮೆಗೂ ಭೂಮಣ್ಣಿ ಬುಟ್ಟಿಗೆ ಸುಮ್ನೆ ಕೆಮ್ಮಣ್ಣು ಸಾರ್ಸಿ ಅದ್ರಲ್ಲೇ ಎಡೆ ತಗೊಂಡು ಹೋಗೋರು. ಮಾವ ಒಂದಿನಾನೂ ಬರಿ ಅನ್ಲಿಲ್ಲ. ಒಳ್ಳೇ ಮನುಷ್ಯ.

ಹದಿನೈದು ವರ್ಷದ ಮೇಲಾಯ್ತು ಹಿಂಗೇ. ಆಮೇಲೆ ದೊಡ್ಡತ್ತಿಗೆ ಮದುವೆ ಗೊತ್ತಾಯ್ತು. ಹಸೆಗೋಡೆ ಮುಂದೆ ಮದುಮಕ್ಕಳು ಕೂರದೆ ಮದುವೆ ಹೆಂಗೆ? ಬೇರೆಯೋರನ್ನ ಕರೆಸೋಣ ಅಂತ ಮಾತಾಯ್ತಂತೆ. ಅತ್ತೆ ಎಂತದೂ ಹೇಳದೆ ರಾತ್ರಿ ಅಕ್ಕಿ ನೆನೆ ಹಾಕಿದ್ರು. ಬೆಳಗಿನ ಜಾವ ಚಿಮಣಿ ಬುಡ್ಡಿ ಇಟ್ಕೊಂಡು ಕೂತೋರು ಮಧ್ಯಾಹ್ನದ ತನಕ ಎದ್ದಿಲ್ಲ. ದೊಡ್ಡತ್ತಿಗೆ ಹೇಳೋದು, ಅವ್ವ ಎಳೆ ಎಳೀತಾ ಎಳೀತಾ ಜೋರಾಗಿ ಅತ್ತು ಬಿಟ್ಲು, ಆದ್ರೆ ಒಂದು ಎಳೆನೂ ಸೊಟ್ಟ ಆಗ್ಲಿಲ್ಲ ಅಂತ. ದಂಡಿಗೆ, ಹಕ್ಕಿ, ಭತ್ತದ ಸಸಿ ಎಲ್ಲಾ ಬಂತಂತೆ. ಒಂದು ಮೂಲೇಲಿ ಹಲಸಿನ ಮರ ಬರೆದಿದ್ರು. ಹಸೇಲಿ ಹಲಸಿನ ಮರ ಬರಿಯೋ ಪದ್ಧತಿ ನಮ್ಮಲ್ಲಿ ಇಲ್ಲ. ಯಾರೂ ಕೇಳಲಿಲ್ಲ.

ನಾ. ಡಿಸೋಜಾ ಅವ್ರು ಶರಾವತಿ ಯೋಜನೆ ಆಗೋವಾಗ ಅಲ್ಲೇ ಕೆಲಸದಲ್ಲಿದ್ದೋರು, ಎಲ್ಲಾ ಕಣ್ಣಾರೆ ಕಂಡು 'ಮುಳುಗಡೆ', 'ದ್ವೀಪ' ಕಾದಂಬರಿ ಬರೆದ್ರು. 'ದ್ವೀಪ'ನ ಗಿರೀಶ್ ಕಾಸರವಳ್ಳಿ ಸಿನಿಮಾನೂ ಮಾಡಿದ್ರಲ್ಲ, ಸೌಂದರ್ಯ ಇರೋದು. ಅದು ಟೀವೀಲಿ ಬಂದಾಗ ಅತ್ತೆ ಅರ್ಧಕ್ಕೇ ಎದ್ದು ಮೀನು ಕೊಯ್ಯೋದಿದೆ ಅಂತ ಹಿತ್ಲಿಗೆ ಹೋದ್ರು. ಆವತ್ತು ಮೀನೇ ತಂದಿರಲಿಲ್ಲ ಮಾರಾಯ್ತಿ.

ಒಂದು ಬೇಸಿಗೆ ಮಳೆ ಇಲ್ದೆ ಹಿನ್ನೀರು ತುಂಬಾ ಕೆಳಗಿಳೀತು. ಹಳೇ ಊರು ಕಾಣ್ತಿದೆ ಅಂತ ಸುದ್ದಿ ಬಂದು ನಾವೆಲ್ಲ ಹೋದ್ವಿ. ಬಿರುಕು ಬಿಟ್ಟ ಕೆಸರು, ಬೋಳು ಬುಡಗಳು. ಅತ್ತೆ ಮಾತ್ರ ಪೇಟೆಗೆ ಹೋದಂಗೆ ಸೀದಾ ನಡೆದ್ರು. ಇದು ಅಂಗಳ, ಇದು ಬಚ್ಚಲ ಕಲ್ಲು, ಇದು ಬಾವಿಕಟ್ಟೆ. ಒಂದು ಬುಡದ ಹತ್ರ ನಿಂತು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಮಂಡಕ್ಕಿ, ಬೆಲ್ಲದ ಚೂರು ಇಟ್ರು. ನಾವು ದೂರಾನೇ ನಿಂತ್ವಿ. ವಾಪಸ್ ಬರ್ತಾ ದಾರಿ ಉದ್ದಕ್ಕೂ ಮಾತಾಡಿದ್ರು, ಅಷ್ಟು ಮಾತು ನಾನು ಅವ್ರ ಬಾಯಲ್ಲಿ ಕೇಳೇ ಇರಲಿಲ್ಲ. ಆ ವರ್ಷದಿಂದ ಭೂಮಣ್ಣಿ ಬುಟ್ಟಿ ತಪ್ಪದೆ ಬರೆದ್ರು, ಕೈ ನಡುಗೋ ತನಕ.

ಈಗ ಅತ್ತೆ ಇಲ್ಲ. 2025ರ ಜುಲೈಲಿ ಸಿಗಂದೂರು ಸೇತುವೆ ಆಯ್ತು, ಲಾಂಚಿಗೆ ಕಾಯೋದು ತಪ್ತು, ಒಳ್ಳೇದಾಯ್ತು. ನಮ್ಮ ಜಾಗದ ಹಕ್ಕುಪತ್ರ ಮಾತ್ರ ಇನ್ನೂ ಬಂದಿಲ್ಲ, ಮೂರನೇ ತಲೆಮಾರು ಅರ್ಜಿ ಹಿಡ್ಕೊಂಡು ಓಡಾಡ್ತಿದೆ. ಸೇತುವೆ ಮೇಲೆ ಹೋಗುವಾಗ ಮೊಮ್ಮಕ್ಕಳು ಕೇಳ್ತಾರೆ, ಅಜ್ಜಿ ಮನೆ ಯಾವ ಕಡೆ ಅಂತ. ಕೈ ತೋರಿಸ್ತೀನಿ.

ಈ ಸಲ ಭೂಮಿ ಹುಣ್ಣಿಮೆಗೆ ಬುಟ್ಟಿ ಬರಿಯೋಕೆ ಕಲೀಬೇಕು ಅನ್ನೋರು ನಾಲ್ಕು ದಿನ ಮುಂಚೇನೇ ಬನ್ನಿ. ಪುಂಡಿ ನಾರು ನನ್ನ ಹತ್ರ ಇದೆ. ಗುರಿಗೆ ಕಾಯಿ ಯಾರ ಹಿತ್ಲಲ್ಲಾದ್ರೂ ಇದ್ರೆ ತನ್ನಿ, ನಮ್ಮಲ್ಲಿ ಈ ವರ್ಷ ಕಮ್ಮಿ.