ಒಂದು ಲಕ್ಷ ಯೂರೋ, ಏಳು ವಾರ

ಮನೆಯಲ್ಲೇ ಅನಿಮೇಷನ್ ಕಲಿಯುವವರಿಗೆ ಇಂದು ಬ್ಲೆಂಡರ್ ಪುಕ್ಕಟೆ ಸಿಗುತ್ತದೆ. ಅದನ್ನು ಉಳಿಸಿಕೊಂಡವರು ಬಳಕೆದಾರರೇ. ನೆದರ್ಲೆಂಡ್ಸಿನ ಟೋನ್ ರೂಸೆಂಡಾಲ್ ರೂಪಿಸಿದ ಈ ತಂತ್ರಾಂಶ, 2002ರಲ್ಲಿ ಅವರ ಕಂಪನಿ ಮುಚ್ಚಿದಾಗ ಹೂಡಿಕೆದಾರರ ಕೈಯಲ್ಲಿ ಉಳಿಯಿತು. ಅದರ ಬಿಡುಗಡೆಗೆ ಅವರು ಒಪ್ಪಿದ ಬೆಲೆ 1,00,000 ಯೂರೋ. ಏಳೇ ವಾರಗಳಲ್ಲಿ ವಂತಿಗೆ ಕೂಡಿತು. ಅಕ್ಟೋಬರ್ 13ರಂದು ಮೂಲ ಸಂಕೇತ ಎಲ್ಲರದಾಯಿತು.

2011ರಲ್ಲಿ ಸೈಕಲ್ಸ್ ರೆಂಡರರ್ ಬಂತು. ಬೆಳಕಿನ ಹಾದಿಗಳನ್ನು ಅಡ್ಡಾದಿಡ್ಡಿಯಾಗಿ ಹೆಕ್ಕಿ ಸರಾಸರಿ ತೆಗೆಯುವ ಅದರ ಕ್ರಮ, ಜೇಮ್ಸ್ ಕಜಿಯಾ 1986ರಲ್ಲಿ ತೋರಿದ್ದು. ಹೊಸಬರ ಚಿತ್ರದಲ್ಲಿ ಮರಳು ಎರಚಿದಂತೆ ಕಾಣುವ ಚುಕ್ಕಿಗಳು, ಸರಾಸರಿಗೆ ಹಾದಿಗಳು ಸಾಲಲಿಲ್ಲವೆಂಬ ಗುರುತು. ಆ ಒರಟುತನ ಅರ್ಧಕ್ಕಿಳಿಯಲು ಸ್ಯಾಂಪಲ್ ನಾಲ್ಕು ಪಟ್ಟಾಗಬೇಕು. ಕಾಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ಈ ಲೆಕ್ಕವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಆ ಏಳು ವಾರಗಳು ಕೊಂಡದ್ದು ಇದನ್ನೇ.