ಮಲಿಕ್-ಎ-ಮೈದಾನದ ತಾಪ: ಒಂದು ಲೆಕ್ಕ

ವಿಜಯಪುರದ ಷೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ವಿಷಯದಲ್ಲಿ ಒಂದು ಮಾತು ರೂಢಿಯಲ್ಲಿದೆ: ಸುಡುಬಿಸಿಲಿನಲ್ಲಿಯೂ ಅದರ ಮೈ ತಣ್ಣಗಿರುತ್ತದೆಯಂತೆ. ಕರೋಲ್ ಬಾಗಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಮಾಳಿಗೆಯ ಕಬ್ಬಿಣದ ಕಂಬಿಯನ್ನು ಮುಟ್ಟಲಾರದ ನಮಗೆ ಇದು ಪವಾಡವೆನಿಸುವುದು ಸಹಜ. ಆದರೆ ಪವಾಡವೆಂದು ಕೈಮುಗಿದು ಸುಮ್ಮನಾದರೆ ಎರಕ ಹೊಯ್ದವನ ಜಾಣ್ಮೆಗೆ ಅನ್ಯಾಯವಾದೀತು.

ಈ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಪರಾಂಡ ಕೋಟೆಯಿಂದ ಅದು 1632ರಲ್ಲಿ ಬಿಜಾಪುರಕ್ಕೆ ಬಂದಿತು. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ತನ್ನ ವಿಜಯದ ಶಾಸನವನ್ನು ಇದರ ಮೈಮೇಲೆಯೇ ಕೊರೆಸಿದನು. ತೋಪಿನ ಉದ್ದ ಸುಮಾರು 4.4 ಮೀಟರು, ಹೊರವ್ಯಾಸ 1.5 ಮೀಟರು, ಬಾಯಿಯ ಒಳವ್ಯಾಸ 70 ಸೆಂಟಿಮೀಟರು, ತೂಕ 55 ಟನ್ನು. ಎಂದರೆ ನಳಿಗೆಯ ಗೋಡೆಯ ದಪ್ಪ ಸುಮಾರು 40 ಸೆಂಟಿಮೀಟರು.

ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆತ ಕಂಚು ಇದು. ಗಂಟೆಗೆ ಬಳಸುವ ಲೋಹ. ಇಷ್ಟು ಕಂಚಿನ ತಾಪವು ಒಂದು ಡಿಗ್ರಿ ಏರಬೇಕಾದರೆ ಸುಮಾರು 20,000 ಕಿಲೋಜೂಲು ಶಾಖ ಬೇಕು. ಒಂದು ಹೊಡೆತಕ್ಕೆ 40 ಕಿಲೋ ಮದ್ದು ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಕಿಲೋ ಒಂದಕ್ಕೆ 3,000 ಕಿಲೋಜೂಲಿನಂತೆ ಹುಟ್ಟುವ ಶಾಖವೆಲ್ಲ ಲೋಹಕ್ಕೇ ಸೇರಿತೆಂದರೂ ಏರಿಕೆ 6 ಡಿಗ್ರಿ ಮಾತ್ರ. ಅದರಲ್ಲಿಯೂ ಬಹುಪಾಲು ಗುಂಡಿನ ವೇಗವಾಗಿ, ಬಿಸಿಹೊಗೆಯಾಗಿ ಹೊರಗೆ ಹೋಗುತ್ತದೆ. ಬಿಸಿಲಿನ ಮಾತೂ ಹೀಗೆಯೇ. ತೆಳುವಾದ ಕಂಬಿ ಬೇಗ ಕಾಯುತ್ತದೆ. 55 ಟನ್ನಿನ ರಾಶಿ ಇರುಳಿನ ತಂಪನ್ನು ಹಗಲಿಗೂ ಬಹಳ ಹೊತ್ತು ಉಳಿಸಿಕೊಳ್ಳುತ್ತದೆ.

ಆದರೆ ಸರಾಸರಿಯ ಲೆಕ್ಕ ಅರ್ಧಸತ್ಯ. ಹೊಡೆತದ ಕ್ಷಣದಲ್ಲಿ ನಳಿಗೆಯ ಒಳಮೈ ಮಾತ್ರ ಜ್ವಾಲೆಯ ಬಿಸಿಯನ್ನು ಉಣ್ಣುತ್ತದೆ. ಅದು ಗೋಡೆಯೊಳಗೆ ಹರಡುವ ಮೊದಲೇ ಮತ್ತೆ ಮತ್ತೆ ಹೊಡೆದರೆ ಕಂಚು ಮೆದುವಾಗುತ್ತದೆ. ಯುರೋಪಿನ ಮುತ್ತಿಗೆಗಳಲ್ಲಿ ಬಿಡುವಿಲ್ಲದೆ ಹಾರಿಸಿದ ಕಂಚಿನ ತೋಪುಗಳು ಹೀಗೆಯೇ ಕೆಟ್ಟವು. ಒಳಗೆ ಕಿಡಿ ಉಳಿದಿದ್ದರೆ ಮುಂದಿನ ಮದ್ದು ತುಂಬುವಾಗಲೇ ಹೊತ್ತಿಕೊಳ್ಳಬಹುದು. ಆದುದರಿಂದ ಒದ್ದೆ ಕುಂಚದಿಂದ ನಳಿಗೆಯನ್ನು ಒರೆಸುವುದು ಗೋಲಂದಾಜರ ಪದ್ಧತಿಯಾಗಿತ್ತು. ಸದ್ದಿಗೆ ಕಿವಿ ಕೆಡದಂತೆ ಗೋಲಂದಾಜನು ತೋಪಿನ ಬಳಿಯ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂಬ ಕಥೆಯುಂಟು. ಆ ನೀರು ನಳಿಗೆಗೂ ಬೇಕಾಗಿತ್ತೆಂಬುದು ನನ್ನ ಊಹೆ.

ಅದೇ ಊರಿನ ಉಪ್ಪಲಿ ಬುರುಜಿನ ಮೇಲೆ ಇನ್ನೊಂದು ಮಾರ್ಗ ಕಾಣುತ್ತದೆ. ಅಲ್ಲಿನ 9 ಮೀಟರಿಗೂ ಉದ್ದನೆಯ ತೋಪು ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಮೇಲೆ ಬಳೆಗಳನ್ನು ಬಿಗಿದದ್ದು. ನಮ್ಮ ಹಳ್ಳಿಯ ಕಮ್ಮಾರನು ಗಾಡಿಯ ಗಾಲಿಗೆ ಕಾಯಿಸಿದ ಹಳಿಯನ್ನು ತೊಡಿಸುವುದನ್ನು ಕಂಡವರಿಗೆ ಈ ತಂತ್ರ ಹೊಸದಲ್ಲ. ಕಾದ ಬಳೆ ಆರಿದಾಗ ಕುಗ್ಗಿ ಒಳಗಿನದನ್ನು ಅಪ್ಪಿ ಹಿಡಿಯುತ್ತದೆ. ನಳಿಗೆಯನ್ನು ಕೆಡಿಸುವ ಶಾಖವೇ ಇಲ್ಲಿ ಅದನ್ನು ಕಟ್ಟುವ ಸಾಧನವಾಯಿತು.

1854ರಲ್ಲಿ ಸಾತಾರೆಯ ಅಧಿಕಾರಿಗಳು ಮಲಿಕ್-ಎ-ಮೈದಾನವನ್ನು ಹರಾಜಿಗಿಟ್ಟಾಗ ಬಂದ ಅತ್ಯಧಿಕ ಸವಾಲು 150 ರೂಪಾಯಿ. ಅಷ್ಟು ಅಲ್ಪ ಬೆಲೆಗೆ ಅದನ್ನು ಕೊಡಲಿಲ್ಲವಾದ್ದರಿಂದ ತೋಪು ಉಳಿಯಿತು. ವಸ್ತುಗಳಿಗೆ ಬೆಲೆ ಕಟ್ಟುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಆ ಅಂಕೆ ಇಂದಿಗೂ ನಾಚಿಕೆ ತರುತ್ತದೆ. ಊರಿಗೆ ಹೋದಾಗ ವಾಚಕರು ಆ ತೋಪಿನ ಬಾಯಿಯ ಬಳಿ ನಿಂತು ಗೋಡೆಯ ದಪ್ಪವನ್ನು ಗೇಣಿನಿಂದ ಅಳೆದು ನೋಡಲಿ. ರೂಮಿ ಹಾಕಿದ ಲೆಕ್ಕ ಅಲ್ಲಿದೆ.